ಕಾಗೆಕಾಲಿನ ಗುಂಡಿ

ಟೈಲರಕ್ಕನಿಗೆ ಐವತ್ತೆಂಟು ತುಂಬಿದ ವರ್ಷ ಮಗಳು ಗಂಟುಬಿದ್ದಳು. "ಅಮ್ಮಾ, ನಲವತ್ತು ವರ್ಷ ಮಿಶನ್ ತುಳಿದಿದ್ದು ಸಾಕು. ಎಲ್ಲಾದ್ರೂ ಐದು ದಿನ ಸುತ್ತಾಡ್ಕೊಂಡು ಬಾ." ಬೆಟ್ಟವೋ ಕಡಲೋ ಎಂದು ಮಗಳು ಲೆಕ್ಕ ಹಾಕುತ್ತಿದ್ದರೆ, ಟೈಲರಕ್ಕ ತಟ್ಟನೆ ಕಡಲಾಚೆಯ ಒಂದು ಊರಿನ ಹೆಸರು ಹೇಳಿಬಿಟ್ಟಳು. ಜೊತೆಗೆ ಯಾರೂ ಬೇಡವಂತೆ, ಒಬ್ಬಳೇ ಹೋಗುತ್ತಾಳಂತೆ. ಅಮ್ಮನಿಗೆ ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಮಗಳು ಕಣ್ಣುಬಾಯಿ ಬಿಟ್ಟಳು. "ಊರು ನೋಡ್ಬೇಕು ಅಷ್ಟೇ ಕಣೆ," ಎಂದಳು ಟೈಲರಕ್ಕ. ಅದು ಹಸಿ ಸುಳ್ಳು.

ಹನ್ನೊಂದು ವರ್ಷದ ಕೆಳಗೆ ಆ ಊರಿನಿಂದ ಒಂದು ಕಾರ್ಡು ಬಂದಿತ್ತು. ವಿಳಾಸವಿಲ್ಲ, ಸಹಿಯಿಲ್ಲ. "ಚೆನ್ನಾಗಿದ್ದೀನಿ" ಎಂಬ ಒಂದೇ ಮಾತು. ಅಕ್ಷರ ತಮ್ಮನದು.

ತಾಯಿ ಸತ್ತ ಮೇಲೆ ಎಂಟು ವರ್ಷ ಚಿಕ್ಕವನಾದ ಆ ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ. ಅಪ್ಪನ ಅಂಗಡಿಯಲ್ಲಿ ಇಬ್ಬರೂ ಅಕ್ಕಪಕ್ಕದ ಮಿಶನ್ನಿನಲ್ಲಿ ಕೂತು ಹೊಲಿದವರು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಗಿರಾಕಿಯೊಬ್ಬರ ದುಬಾರಿ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದ. ಅವಳ ಪಿತ್ತ ನೆತ್ತಿಗೇರಿತು. ಅಂಗಡಿ ತುಂಬ ಜನರಿರುವಾಗಲೇ ಆ ಇಪ್ಪತ್ತೆಂಟು ವರ್ಷದ ಗಂಡಸಿನ ಕೆನ್ನೆಗೆ ಬಾರಿಸಿದಳು. ಮಾರನೆಯ ದಿನ ಅವನ ಮಿಶನ್ನಿನ ಮುಂದೆ ಸ್ಟೂಲು ಖಾಲಿಯಿತ್ತು. ಬಟ್ಟೆ ಹೋದರೆ ಇನ್ನೊಂದು ತರಬಹುದಿತ್ತು ಎಂದು ಅವಳಿಗೆ ಹೊಳೆದದ್ದು ಆಮೇಲೆ.

ಹೊಸ ಊರಿನಲ್ಲಿ ಮೊದಲ ದಿನ ಅವಳು ರಸ್ತೆಯನ್ನೇ ದಾಟಲಿಲ್ಲ. ಹೋಟೆಲಿನ ಎದುರು ಸ್ಕೂಟರುಗಳು ದಂಡೆತ್ತಿ ಬರುತ್ತಿದ್ದವು. ಎರಡು ಸಲ ಕಾಲು ಕೆಳಗಿಟ್ಟು ಎರಡು ಸಲವೂ ಹಿಂದೆ ತೆಗೆದಳು. ಎರಡನೆಯ ದಿನ ಒಬ್ಬ ಮುದುಕಿ ಸೊಪ್ಪಿನ ಬುಟ್ಟಿ ಹಿಡಿದು, ಯಾರನ್ನೂ ನೋಡದೆ, ಸೀದಾ ನಡೆದುಬಿಟ್ಟಳು. ಟೈಲರಕ್ಕ ಅವಳ ಬೆನ್ನಿಗಂಟಿದಂತೆ ನಡೆದು ದಾಟಿಕೊಂಡಳು.

ದಾಟಿದವಳು ಗೋಪುರ ನೋಡಿದಳೇ, ಅರಮನೆ ನೋಡಿದಳೇ? ನೋಡಿದ್ದೆಲ್ಲ ಗಂಡಸರ ಎದೆ! ಹೇಳಿದರೆ ಅಸಹ್ಯ, ಆದರೆ ಕಾರಣವಿತ್ತು. ನಾಲ್ಕು ತೂತಿನ ಗುಂಡಿಯನ್ನು ಲೋಕವೆಲ್ಲ ಗುಣಾಕಾರದ ಗುರುತಿನಂತೆಯೋ ಎರಡು ಸಾಲಾಗಿಯೋ ಹೊಲಿಯುತ್ತದೆ. ಅವಳ ಅಪ್ಪ ಮಾತ್ರ ಒಂದು ತೂತಿನಿಂದ ಉಳಿದ ಮೂರಕ್ಕೂ ದಾರ ಎಳೆಯುತ್ತಿದ್ದ. ಮನೆಯಲ್ಲಿ ಅದಕ್ಕೆ ಕಾಗೆಕಾಲು ಎಂದೇ ಹೆಸರು. ತಮ್ಮನ ಕೈ ಎಲ್ಲಿ ಹೋದರೂ ಕಾಗೆಕಾಲು ಬಿಡುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಅವಳು ವಿಮಾನ ಹತ್ತಿದ್ದಳು. ಎಂಟು ಹೊಲಿಗೆ ಅಂಗಡಿ, ಎರಡು ಸಂತೆ, ಒಂದು ರೈಲು ನಿಲ್ದಾಣ ಸುತ್ತಿದಳು. ಸಂಜೆ ಕೋಣೆಗೆ ಬಂದು ಊದಿದ ಕಾಲನ್ನು ಬಿಸಿನೀರಿಗಿಟ್ಟು, "ಎಲ್ಲಿದ್ದೀಯೋ ನನ್ನಪ್ಪಾ," ಎಂದು ಗೋಡೆಗೆ ಕೇಳಿದಳು. ಅಷ್ಟು ದೊಡ್ಡ ಊರಿನಲ್ಲಿ ಅವಳಿಗೆ ಬೇಕಾಗಿದ್ದು ಒಂದೇ ಮುಖ.

ನಾಲ್ಕನೆಯ ದಿನ ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟು ಕೊಡಲು ಬಾಗಿದ. ಅವಳ ಮೂಗಿನ ನೇರಕ್ಕೆ ಗುಂಡಿ ಬಂತು. ಕಾಗೆಕಾಲು! ಟೈಲರಕ್ಕ ಆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮಗಳು ಕೊಟ್ಟ ಫೋನು ಅವಳ ಮಾತನ್ನು ಅಲ್ಲಿಯ ಭಾಷೆಗೆ ತಿರುಗಿಸಿ ಹೇಳಿದ ಮೇಲೆಯೇ ಆ ಪಾಪದವನ ಗಾಬರಿ ಇಳಿದದ್ದು. ಅವನು ನಕ್ಕು, ಅಂಗಿ ಹೊಲಿದ ಅಂಗಡಿಗೆ ಒಂದು ಚೀಟಿಯಲ್ಲಿ ದಾರಿ ಗೀಚಿಕೊಟ್ಟ. ಸೇತುವೆ ದಾಟಿ, ಮರದ ಅಡ್ಡೆಯ ಹಿಂದೆ.

ಅಂಗಡಿಯಲ್ಲಿದ್ದವಳು ಮೂವತ್ತರ ಹೆಂಗಸು. ಟೈಲರಕ್ಕ ಫೋನು ತೆಗೆಯುವ ಮೊದಲೇ ಅವಳು ಹೊಲಿಗೆ ಕೆಡಿಸಿಕೊಂಡು, "ಥೂ, ಕೈಗೇನು ಬಂತು ರೋಗ!" ಎಂದು ತನ್ನನ್ನೇ ಬೈದುಕೊಂಡಳು. ಅಚ್ಚ ನಮ್ಮ ಮಾತು. ಟೈಲರಕ್ಕ ಬಾಗಿಲು ಹಿಡಿದು ನಿಂತಳು. ಅದು ಅಪ್ಪನ ಬೈಗುಳ. "ಇದನ್ನ ಯಾರು ಹೇಳ್ಕೊಟ್ರು ನಿಂಗೆ?" ಎಂದಳು.

"ಮಾಸ್ಟರ್ ಕಲಿಸಿದ್ದು," ಎಂದಳು ಹೆಂಗಸು, ತಡವರಿಸುತ್ತ. "ಕೆಲಸನೂ, ಬೈಗುಳನೂ. ಅವರಿಗೆ ಮಂಡಿ ನೋವು, ಮಿಶನ್ ತುಳಿಯೋಕಾಗಲ್ಲ. ಎರಡು ವರ್ಷ ಆಯ್ತು, ನದಿಯ ಮೇಲ್ಭಾಗದ ಊರಲ್ಲಿ ಮಕ್ಕಳಿಗೆ ಹೊಲಿಗೆ ಹೇಳ್ಕೊಡ್ತಾರೆ. ಎಂಟು ಗಂಟೆ ದಾರಿ. ನೀವು?"

"ಅವನ ಅಕ್ಕ."

ಹೆಂಗಸು ಕೂಡಲೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ವಿಷಯ ಹೇಳಿದಳು. ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು. ಬೆಳಗಾದರೆ ವಿಮಾನ. ಇಪ್ಪತ್ತೆರಡು ವರ್ಷ ಮನಸ್ಸಿನಲ್ಲೇ ಉರು ಹಾಕಿದ "ತಪ್ಪಾಯ್ತು ಕಣೋ" ಬಾಯಿಗೆ ಬರಲೊಲ್ಲದು.

ಕೊನೆಗೆ ಅವನು ಮಾತಾಡಿದ, ಅವಳೊಡನೆ ಅಲ್ಲ, ಶಿಷ್ಯೆಯೊಡನೆ. "ಅವಳ ಅಳತೆ ತಗೋ. ಕೈಹೊಲಿಗೆಯಲ್ಲೇ ಒಂದು ರವಿಕೆ ಹೊಲಿದು ಕಳಿಸ್ತೀನಿ."

ಜೀವಮಾನವಿಡೀ ಬೇರೆಯವರ ಅಳತೆ ತೆಗೆದವಳು ಕೈ ಅಗಲಿಸಿ ನಿಂತಳು. ಹೆಂಗಸು ಟೇಪು ಹಿಡಿದು ಕೂಗಿದಳು, "ಭುಜ, ಹದಿಮೂರೂವರೆ."

"ಇಲ್ಲ, ಹದಿನಾಲ್ಕೂವರೆ," ಎಂದ ಅವನು. "ನೆಟ್ಟಗೆ ನಿಲ್ಲೋಕೆ ಹೇಳು. ಅವಳು ಬಲಕ್ಕೆ ವಾಲ್ತಾಳೆ."

ಟೈಲರಕ್ಕ ನೆಟ್ಟಗೆ ನಿಂತಳು. ಕಣ್ಣೀರು ಗಲ್ಲದಿಂದ ಟೇಪಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಇಳಿಸುವಂತಿರಲಿಲ್ಲ.

"ಮಾಸ್ಟರ್, ಎರಡು ಸಲ ನೋಡಿದೆ. ಹದಿಮೂರೂವರೆನೇ."

"ಅಷ್ಟು ಇಳಿದುಹೋದ್ಲಾ?" ಎಂದ ಅವನು. ಆಮೇಲೆ ಒಡೆದ ದನಿಯಲ್ಲಿ ಅವನು ಹೇಳಿದ. "ನೀನು ಬರ್ಕೋಬೇಡ. ನಾನೇ ಬಂದು ತಗೋತೀನಿ. ಅವಳನ್ನ ಎಲ್ಲಿಗೂ ಕಳಿಸ್ಬೇಡ."

ಟೈಲರಕ್ಕ ಫೋನಿನ ಹತ್ತಿರಕ್ಕೆ ಬಾಗಿದಳು.

"ನಿಧಾನಕ್ಕೆ ಬಾರೋ," ಎಂದಳು. "ಮಂಡಿ ನೋವಂತಲ್ಲ. ನಾನು ಇಲ್ಲೇ ಇರ್ತೀನಿ."