ಬಟಾಣಿಯ ಮಟನ್, ಹಿಂಬಾಗಿಲ ಮೆಟ್ಟಿಲು

ಚಳಿಗಾಲದಲ್ಲಿ ಲಂಡನ್ನಿನ ಅಂಚಿನ ಹೇಸ್‌ನಲ್ಲಿರುವ ನಮ್ಮ ಮನೆಯ ಕಿಟಕಿಗಳು ಒಳಗಿನಿಂದ ಬೆವರುತ್ತವೆ. ಬೆಳಿಗ್ಗೆ ಎದ್ದವಳು ಕೆಟಲ್ ಹಾಕಿ, ಹಳೆಯ ಬನಿಯನ್ ತುಂಡಿನಿಂದ ಅಡುಗೆಮನೆಯ ಗಾಜು ಒರೆಸುತ್ತೇನೆ. ಒರೆಸಿದಷ್ಟೇ ಲೋಕ ಕಾಣುತ್ತದೆ. ಮೊದಲು ಬೇಲಿ, ಆಮೇಲೆ ಶೆಡ್ಡು, ಕೊನೆಗೆ ಹಿಂಬಾಗಿಲ ಮೆಟ್ಟಿಲು. ಈ ಭಾನುವಾರವೂ ಹಾಗೇ ಒರೆಸಿದೆ. ಯಜಮಾನರು ಗೋದಾಮಿನ ಶಿಫ್ಟಿಗೆ ಹೋಗಿಯಾಗಿತ್ತು. ಮೋಡದೊಳಗೆ ವಿಮಾನವೊಂದು ಗೊಣಗುತ್ತಾ ಇಳಿಯುತ್ತಿತ್ತು. ಪಕ್ಕದ ಮನೆಯ ಮೋರೀನಳ ಬೂದು ಬೆಕ್ಕು ಆಗಲೇ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಅದಕ್ಕೆ ಭಾನುವಾರ ಹೇಗೆ ತಿಳಿಯುತ್ತದೋ ನಾ ಕಾಣೆ.

ಆ ಮೆಟ್ಟಿಲು ನಮ್ಮ ಅತ್ತೆಯವರದು. ಹೇಗೆಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹೊತ್ತು ಬೆಳಗಾವಿಗೆ ಕರೆದೊಯ್ಯಬೇಕು.

ನಮ್ಮಪ್ಪ ಪಂಢರಪುರದ ತುಳಸಿಮಾಲೆ ಹಾಕಿಕೊಂಡವರು. ಧಾರವಾಡದ ನಮ್ಮ ಮನೆಯಲ್ಲಿ ಮಾಂಸದ ಹೆಸರನ್ನೂ ಎತ್ತುತ್ತಿರಲಿಲ್ಲ. ಗಂಡನ ಮನೆಯವರು ನಮ್ಮವರೇ, ಆದರೆ ಕೊರಳಲ್ಲಿ ಮಾಲೆ ಇಲ್ಲದವರು. ಮಟನ್ ಇಲ್ಲದ ಭಾನುವಾರ ಅವರಿಗೆ ಭಾನುವಾರವೇ ಅಲ್ಲ. ಮದುವೆಯ ದಿನ ನಮ್ಮವ್ವ ಅತ್ತೆಯವರ ಎರಡೂ ಕೈ ಹಿಡಿದು, "ನಮ್ಮ ಹುಡುಗಿ ಕೈಯಿಲೆ ಅದನ್ನ ಮುಟ್ಟಸಬ್ಯಾಡ್ರಿ" ಎಂದಳು. "ಮುಟ್ಟಸೂದಿಲ್ರಿ" ಎಂದರು ಅತ್ತೆ. ಅಷ್ಟೇ ಮಾತು.

ಅಂದಿನಿಂದ ಭಾನುವಾರದ ಅಡುಗೆ ಹಿತ್ತಲಿಗೆ ಹೋಯಿತು. ಬೇರೆ ಒಲೆ, ತಳ ಕಪ್ಪಾದ ಬೇರೆ ಪಾತ್ರೆ. ಉಣ್ಣುವುದೂ ಹೊರಗೇ, ಹಿಂಬಾಗಿಲ ಮೆಟ್ಟಿಲ ಮೇಲೆ. ಸೊಸೆಗೆ ವಾಸನೆ ಬಡಿಯಬಾರದಲ್ಲ. ಮಾವ, ಮಗ, ಅತ್ತೆ ಸಾಲಾಗಿ ಅಲ್ಲಿ ಕೂತರೆ ಒಳಗೆ ನಾನೊಬ್ಬಳೇ ಮೊಸರನ್ನದ ಮಹಾರಾಣಿ.

ನಿಜ ಹೇಳಲೇ? ನನಗೆ ಆ ವಾಸನೆ ಬೇಡವಾಗಿರಲಿಲ್ಲ. ಕೆಂಡದ ಮೇಲೆ ಸುಟ್ಟ ಈರುಳ್ಳಿ, ಕಂದಿದ ಒಣಕೊಬ್ಬರಿ, ಗಸಗಸೆ... ಬಾಗಿಲ ಹಿಂದೆ ನಿಂತು ಉಸಿರೆಳೆದುಕೊಳ್ಳುತ್ತಿದ್ದೆ. ಈ ಚಾಳಿ ನಾನು ಓದಿದ ಕಾನ್ವೆಂಟ್ ಶಾಲೆಯಲ್ಲೇ ಅಂಟಿದ್ದಿರಬೇಕು. ಶುಕ್ರವಾರದ ನೀತಿಪಾಠದ ಹೊತ್ತಿಗೆ ಸಿಸ್ಟರ್‌ಗಳ ಅಡುಗೆಮನೆಯಿಂದ ಮೀನು ಹುರಿಯುವ ಘಮ ಬರುತ್ತಿತ್ತು. ಅವ್ವ ಹೇಳಿಕೊಟ್ಟ ಹಾಗೆ ನಾನು ಕರವಸ್ತ್ರ ಮೂಗಿಗೆ ಹಿಡಿಯುತ್ತಿದ್ದೆ. ಒಂದು ದಿನ ಸಿಸ್ಟರ್ ಅದನ್ನು ಮೆಲ್ಲಗೆ ಕೆಳಗಿಳಿಸಿ, "ಉಸಿರಾಡು ಮಗು, ಅದರಲ್ಲೇನೂ ಪಾಪವಿಲ್ಲ" ಎಂದರು. ಅವ್ವನಿಗೆ ಇದನ್ನು ನಾನು ಹೇಳಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಲಂಡನ್ನಿಗೆ ಬಂದರು. ಸೀರೆಗಳ ನಡುವೆ ಸುತ್ತಿಕೊಂಡು ಆ ಪಾತ್ರೆಯೂ ಬಂತು. ಅದಕ್ಕೆ ಶೆಡ್ಡಿನಲ್ಲಿ ಜಾಗ, ಮಟನ್ ಬೇಯುತ್ತಿದ್ದುದೂ ಅಲ್ಲೇ. ಭಾನುವಾರ ಸೀರೆಯ ಮೇಲೆ ಮಗನ ಹಳೆಯ ಓವರ್‌ಕೋಟು ಹಾಕಿಕೊಂಡು, ತೊಡೆಯ ಮೇಲೆ ಗಂಗಾಳ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎಲುಬು ಮೋರೀನಳ ಬೆಕ್ಕಿಗೆ.

"ಒಳಗ ಬರ್ರಿ ಅತ್ತಿ, ಥಂಡಿ ಐತಿ."

"ಇರ್ಲಿ ಬಿಡ ತಂಗಿ. ಕೊಟ್ಟ ಮಾತಿಗೆ ಬೆಳಗಾವಿ ಬ್ಯಾರೆ, ಲಂಡನ್ ಬ್ಯಾರೆ ಇರತೈತೇನು?"

ಹೋದ ವರ್ಷ ಅವರ ಎದೆಯ ತೊಂದರೆ ನೋಡಿದ ಜಿಪಿ ಡಾಕ್ಟರು, ಕುರಿಮಾಂಸ ಬಿಟ್ಟುಬಿಡಿ ಎಂದರು. ಅತ್ತೆ ಅಂದಿನಿಂದಲೇ ಬಿಟ್ಟರು. ಪಾತ್ರೆ ಶೆಡ್ಡಿನಲ್ಲೇ ಉಳಿಯಿತು. ಆದರೆ ಭಾನುವಾರ ಮೆಟ್ಟಿಲಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಬರೀ ಅನ್ನ ಸಾರು ಹಿಡಿದುಕೊಂಡು ಕೂರುತ್ತಿದ್ದರು, ಎದುರಿಗೆ ಎಲುಬು ಸಿಗದ ಬೆಕ್ಕು. ಗಂಗಾಳ ಅರ್ಧ ತುಂಬಿಯೇ ಒಳಗೆ ಬರುತ್ತಿತ್ತು. ಉಳಿದ ದಿನಗಳಲ್ಲೂ ಊಟ ಕಡಿಮೆಯಾಯಿತು. ಮಣಿಕಟ್ಟಿನಲ್ಲಿದ್ದ ಬಳೆ ಕೈ ಎತ್ತಿದರೆ ಮೊಳಕೈವರೆಗೆ ಜಾರತೊಡಗಿತು. ಆ ಬಳೆ ಜಾರುವ ಸದ್ದು ನನ್ನ ನಿದ್ದೆಯಲ್ಲೂ ಕೇಳುತ್ತಿತ್ತು.

ಹಾಗೆ ನಾನು ಸೂಪರ್‌ಮಾರ್ಕೆಟ್ಟಿನ ಸಸ್ಯಮಾಂಸದ ಫ್ರಿಜ್ಜಿನ ಮುಂದೆ ನಿಲ್ಲತೊಡಗಿದೆ. ತಣ್ಣನೆಯ ಬಿಳಿ ಬೆಳಕಿನಲ್ಲಿ ಒಂದೊಂದೇ ಪೊಟ್ಟಣ ತಿರುಗಿಸಿ, ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ಓದುತ್ತಿದ್ದೆ: ಬಟಾಣಿ, ಸೋಯಾ, ಅಣಬೆ, ಬಣ್ಣಕ್ಕೆ ಬೀಟ್‌ರೂಟು. ಯಾವುದು ಮಟನ್ನಿಗೆ ಹತ್ತಿರ ಎಂದು ಆರಿಸಬೇಕಾದವಳು ಮಟನ್ನನ್ನೇ ತಿಂದಿಲ್ಲ. ಮುಖ ನೋಡದ ವರನಿಗೆ ಕೋಟು ಹೊಲಿಸಲು ಹೊರಟ ಹಾಗಿತ್ತು ನನ್ನ ಕಥೆ.

ಮೊದಲು ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯಿಂದ ಸೋಯಾ ಉಂಡೆ ತಂದೆ. "ಒದ್ದಿ ಟವೆಲ್ ಅಗದಂಗ ಆತು ತಂಗಿ" ಎಂದರು ಅತ್ತೆ. ಡಬ್ಬಿಯ ಹಲಸಿನಕಾಯಿಗೆ, "ಹಲಸು ಅಂತ ಹೇಳಿ ಕೊಟ್ಟಿದ್ರ ಇನ್ನೊಂದೀಟು ಉಣತಿದ್ದೆ." ಬಟಾಣಿಯಿಂದ ಮಾಡಿದ ಮಟನ್ ತುಂಡುಗಳನ್ನು ತಂದಾಗ, ಬೆಳಗಾವಿಯ ಹಿತ್ತಲಲ್ಲಿ ಬೆಳಗೆಲ್ಲ ಬೇಯುತ್ತಿದ್ದುದು ನೆನಪಾಗಿ, ನಾನೂ ಸಣ್ಣ ಉರಿಯಲ್ಲಿ ಹಾಗೇ ಬಿಟ್ಟೆ. ಮುಚ್ಚಳ ತೆಗೆದರೆ ಪಾಯಸ. ಅತ್ತೆ ಸೌಟಿನಲ್ಲಿ ಹುಡುಕಿ ಹುಡುಕಿ, "ಕುರಿ ಎಲ್ಲೋ ಓಡಿ ಹೋಗೈತಿ" ಎಂದರು.

ಪಾತ್ರೆಯದು ಇನ್ನೊಂದು ಪಂಚಾಯಿತಿ. ಅವರ ಪಾತ್ರೆಯನ್ನು ನಾನು ಮುಟ್ಟುವಂತಿಲ್ಲ. ನನ್ನ ಪಾತ್ರೆಯಲ್ಲಿ ಬೇಯಿಸಲು ಅವರು ಬಿಡರು. ಬಟಾಣಿಯಾದರೂ, "ಹೆಸರು ಮಟನ್ ಅಂದ ಮ್ಯಾಲ ನಿನ್ನ ಸಾರಿನ ಪಾತ್ರ್ಯಾಗ ಬ್ಯಾಡ." ಹಾಗಾಗಿ ಇತ್ತ ಸಲ್ಲದ ಅತ್ತ ಸಲ್ಲದ ಮೂರನೆಯದೊಂದು ಪಾತ್ರೆ ಮನೆಗೆ ಬಂತು. ಅದನ್ನು ತಿಕ್ಕಲು ಬೇರೆ ಬ್ರಷ್ಷು. ಒಂದು ತರಕಾರಿಗೆ ಇಷ್ಟು ಮಡಿ ಮಾಡಿದವರು ನಾವೇ ಇರಬೇಕು.

ಈ ಭಾನುವಾರ ಕಿಟಕಿ ಒರೆಸುತ್ತಾ ಬೆಕ್ಕೊಂದೇ ಕೂತಿದ್ದ ಆ ಮೆಟ್ಟಿಲು ನೋಡಿದವಳಿಗೆ ಏನೆನ್ನಿಸಿತೋ, ಮೂರನೆಯ ಪಾತ್ರೆಯನ್ನು ಬದಿಗಿಟ್ಟು ಸಾರಿನ ಪಾತ್ರೆಯನ್ನೇ ಒಲೆಗಿಟ್ಟೆ. ಈರುಳ್ಳಿ, ಕೊಬ್ಬರಿಯನ್ನು ಗ್ಯಾಸಿನ ಉರಿಯ ಮೇಲೆ ಸುಟ್ಟೆ. ಹೊಗೆಗೆ ಅಲಾರಂ ಬಡಿದುಕೊಂಡಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದವರು ಅಲಾರಂ ಕಡೆ ನೋಡಲೇ ಇಲ್ಲ. "ಇನ್ನೊಂದೀಟು ಸುಡಲಿ" ಎಂದರು, ಈರುಳ್ಳಿ ನೋಡಿ.

ಮಸಾಲೆ ರುಬ್ಬಿ ರಸ ಕುದಿಸಿದೆ. ಬಟಾಣಿಯ ತುಂಡುಗಳನ್ನು ಬೇರೆಯಾಗಿ ಹೆಂಚಿನ ಮೇಲೆ ಅಂಚು ಕೆಂಪಾಗುವಂತೆ ಹುರಿದು, ಕೊನೆಗೆ ರಸಕ್ಕೆ ಬಿಟ್ಟೆ.

"ಅದು ಸಾರಿನ ಪಾತ್ರಿ" ಎಂದರು ಅತ್ತೆ.

"ಹೌದ್ರಿ."

"ನಾಳೆ ಅದರಾಗ ಸಾರು ಮಾಡತಿ?"

"ಮಾಡತೀನ್ರಿ. ನೀವು ಮಾತು ಕೊಟ್ಟಿದ್ದು ಕುರಿದು ಅತ್ತಿ, ಬಟಾಣಿದಲ್ಲ."

ನಾನು ರೊಟ್ಟಿ ಹಾಕಿ ಎರಡು ಗಂಗಾಳಕ್ಕೂ ಬಡಿಸಿದೆ. ಅವರು ತಮ್ಮದನ್ನು ಎತ್ತಿಕೊಂಡು, ರೂಢಿಯಂತೆ ಕೋಟಿಗೆ ಕೈ ಹಾಕಿ ಹಿಂಬಾಗಿಲ ಕಡೆ ತಿರುಗಿದರು.

"ಎಲ್ಲಿಗ್ರಿ?"

"ಹೊರಗ. ನಿನಗ ವಾಸನಿ..."

"ನನ್ನ ಗಂಗಾಳದಾಗೂ ಅದ ಐತ್ರಿ."

ಅವರು ನನ್ನ ಗಂಗಾಳ ನೋಡಿದರು, ನನ್ನನ್ನು ನೋಡಿದರು. ನಾನು ರೊಟ್ಟಿ ಮುರಿದು ರಸದಲ್ಲಿ ಅದ್ದಿ ಬಾಯಿಗಿಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಬಾಗಿಲ ಹಿಂದೆ ಇಷ್ಟು ವರ್ಷ ಬರೀ ಗಾಳಿಯಾಗಿ ಬರುತ್ತಿದ್ದದ್ದು ಈಗ ನಾಲಗೆಯ ಮೇಲಿತ್ತು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಮಟನ್ ಅಲ್ಲ ಬಿಡು" ಎಂದರು. ಮತ್ತೆ ಅದ್ದಿಕೊಂಡರು. "ರಸ ಮಾತ್ರ ನಂದ ಐತಿ. ಯಾವಾಗ ಕಲತಿ?"

"ಬಾಗಲ ಹಿಂದ ನಿಂತು."

"ನಿಮ್ಮವ್ವಗ ಹೇಳತೀನಿ, ತಡಿ" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಬಳೆ ಮೊಳಕೈಗೆ ಜಾರಿತು. ಜಾರಲಿ ಬಿಡಿ, ಕೈ ರೊಟ್ಟಿಯ ಕಡೆ ಬಂದಿತ್ತಲ್ಲ. ಕೋಟು ಕುರ್ಚಿಯ ಬೆನ್ನಿಗೆ ಜೋತುಬಿದ್ದಿತ್ತು. ಕಿಟಕಿ ಮತ್ತೆ ಬೆವರಿ ಹೊರಗಿನದೇನೂ ಕಾಣುತ್ತಿರಲಿಲ್ಲ. ನಾನು ಒರೆಸಲು ಏಳಲಿಲ್ಲ.

ಸಂಜೆ ಕಸದ ಬಿನ್ನು ರಸ್ತೆಗೆ ಎಳೆಯುತ್ತಿದ್ದೆ. ಮೋರೀನಳೂ ತನ್ನದನ್ನು ಎಳೆದುಕೊಂಡು ಬಂದಳು. ಅತ್ತೆಯನ್ನು ಆಕೆ ಮೊದಲಿನಿಂದಲೂ ನನ್ನ ತಾಯಿ ಎಂದೇ ತಿಳಿದಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.

"ನಿಮ್ಮಮ್ಮ ಇವತ್ತು ಹೊರಗೆ ಬರಲೇ ಇಲ್ಲವಲ್ಲ" ಎಂದಳು, ಬಿನ್ನಿನ ಮುಚ್ಚಳ ಒತ್ತುತ್ತಾ. "ನಮ್ಮ ಬೆಕ್ಕು ಮಧ್ಯಾಹ್ನವೆಲ್ಲ ಆ ಮೆಟ್ಟಿಲ ಮೇಲೆ ಒಂದೇ ಕೂತಿತ್ತು."