ಪೇಟಿ ಓಣಿಗೆ ಮೂರು ಸುತ್ತು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನಾಗ ಬೆಳಗಾವಿ ಜಿಲ್ಲೆಯ ಒಂದು ಪುರಸಭೆಯ ಮುಖ್ಯಾಧಿಕಾರಿ. ಊರಿನ ಹೆಸರು ಬೇಡ. ಬೈಲಹೊಂಗಲದವರು ಇದನ್ನು ಸವದತ್ತಿಯ ಕಥೆ ಎಂದುಕೊಳ್ಳಲಿ, ಸವದತ್ತಿಯವರು ರಾಮದುರ್ಗದ್ದು ಎನ್ನಲಿ, ರಾಮದುರ್ಗದವರು ಕಿತ್ತೂರಿನ ಕಡೆ ಕೈ ತೋರಿಸಲಿ. ಎಲ್ಲರ ಮರ್ಯಾದೆಯೂ ಉಳಿಯುತ್ತದೆ.

ಊರಿಗೆ ನಳದ ನೀರು ಬರುತ್ತಿದ್ದುದು ಐದು ದಿನಕ್ಕೊಮ್ಮೆ. ಎತ್ತರದ ಟಾಕಿಯಿಂದ ಇಳಿದ ನೀರನ್ನು ಓಣಿ ಓಣಿಗೆ ಹಂಚಲು ನೆಲದೊಳಗೆ ಏಳು ವಾಲ್ವ್‌ಗಳಿದ್ದವು. ಸೊಂಟದೆತ್ತರದ ಕಬ್ಬಿಣದ ಕೀಲಿಯಿಂದ ಅವನ್ನು ತಿರುಗಿಸಬೇಕು. ತಗ್ಗಿನ ಓಣಿಗೆ ಒಂದು ಸುತ್ತು ಹೆಚ್ಚಾದರೆ ನೀರೆಲ್ಲ ಅಲ್ಲಿಗೇ ಓಡಿ, ದಿಬ್ಬದ ಮೇಲಿನ ದಿನ್ನಿ ಓಣಿಯ ನಳಗಳು ಬರೀ ಗಾಳಿ ಊದುತ್ತಿದ್ದವು.

ಇಂಥ ಗಂಭೀರ ರಾಜಕಾರ್ಯವನ್ನು ಅಧ್ಯಕ್ಷ ಗುರಲಿಂಗಪ್ಪ ಸಾವಕಾರರು ಸಿಬ್ಬಂದಿಗೆ ಬಿಡುತ್ತಿರಲಿಲ್ಲ. ಕಬ್ಬಿನ ಲಾರಿಗಳ ಮಾಲೀಕರಾದ ಅವರು ನಸುಕಿಗೇ ಎದ್ದು, ವಾಲ್ವ್‌ಮನ್ ದಾವಲಸಾಬನ ಕೈಯಿಂದ ಕೀಲಿ ಇಸಿದುಕೊಂಡು, ಅಭಿಷೇಕದ ಭಕ್ತಿಯಿಂದ ತಾವೇ ತಿರುಗಿಸುತ್ತಿದ್ದರು. ನೀರು ಬರುವುದು ಅವರ ಕೈಗುಣದಿಂದಲೇ ಎಂದು ಪ್ರತಿ ಓಣಿಯ ಹೆಂಗಸರೂ ನಂಬಿದ್ದರು. ಯಾವ ವಾಲ್ವಿಗೆ ಎಷ್ಟು ಸುತ್ತು ಎಂದು ಬರೆದಿಡೋಣವೇ ಅಂತ ನಾನೊಮ್ಮೆ ಕೇಳಿದೆ. ಅವರು ಟೋಪಿ ಸರಿಸಿ ಹಣೆ ಮುಟ್ಟಿಕೊಂಡರು.

"ರಜಿಸ್ಟರ್ ಇಲ್ಲಿ ಐತ್ರಿ ಸಾಹೇಬ್ರ. ಇದರ ಆಡಿಟ್ ನಿಮ್ಮ ಕೈಲೆ ಆಗೂದಿಲ್ಲ."

ಐದು ವರ್ಷದ ಆ ಕೈಗುಣವೇ ಅವರನ್ನು ವಿಧಾನಸಭೆಗೆ ಕಳಿಸಿತು. ತೆರವಾದ ಕುರ್ಚಿಗೆ ಎದುರು ಬಣದ ಗಂಗವ್ವ ಒಂದೇ ಮತದ ಅಂತರದಿಂದ ಆರಿಸಿ ಬಂದರು. ಹೊಸ ಶಾಸಕರು ಕೀಲಿಗೆ ಹಾರ ಹಾಕಿ, ಫೋಟೋ ತೆಗೆಸಿಕೊಂಡು, ಅದನ್ನು ಗಂಗವ್ವನಿಗೆ ಒಪ್ಪಿಸಿದರು. ಸುತ್ತಿನ ಲೆಕ್ಕ ಮಾತ್ರ ಹಣೆಯೊಳಗೇ ಬೆಂಗಳೂರಿಗೆ ಹೋಯಿತು.

ಮೊದಲ ಸರದಿಯಲ್ಲಿ ಗಂಗವ್ವ, ಯಾರಿಗೂ ಅನ್ಯಾಯವಾಗಬಾರದೆಂದು, ಏಳೂ ವಾಲ್ವ್‌ಗಳನ್ನು ಪೂರ್ತಿ ತೆರೆಸಿದರು. ಸಾವಕಾರರ ಮನೆಯಿದ್ದ ಪೇಟಿ ಓಣಿ ಎಲ್ಲಕ್ಕಿಂತ ತಗ್ಗು. ಅಲ್ಲಿ ಗಟಾರಗಳು ತುಂಬಿ ಹರಿದವು. ದಿನ್ನಿ ಓಣಿಗೆ ಹನಿ ಬೀಳಲಿಲ್ಲ. ಆ ಓಣಿಯ ಇಬ್ಬರು ಸದಸ್ಯರು ಗಂಗವ್ವನ ಬಣದವರೇ. ನನ್ನ ಮೇಜಿನ ಮೇಲೆ ಖಾಲಿ ಕೊಡ ಕುಕ್ಕಿ ಸಾರಿದರು: ಗುರುವಾರದ ಸರದಿಗೂ ನೀರು ಬಾರದಿದ್ದರೆ ಅವಿಶ್ವಾಸ ನಿರ್ಣಯ.

ನಾನು ಶಾಸಕರ ಭವನಕ್ಕೆ ಎಸ್‌ಟಿಡಿ ಹಚ್ಚಿದೆ.

"ನಾ ಇಲ್ಲಿ ರಾಜ್ಯದ ಚಿಂತಿ ಮಾಡಾಕಹತ್ತೇನಿ, ನೀವು ನಳದ ಮಾತು ತಗೀತೀರಲ್ರಿ!" ಎಂದು ಗದರಿದ ಶಾಸಕರು ಮರುಕ್ಷಣವೇ ದನಿ ಇಳಿಸಿದರು. "ಪೇಟಿ ಓಣಿಗೆ ಎಷ್ಟ ಸುತ್ತ ಬಿಟ್ರಿ?"

"ಪೂರ್ತಿ."

ಆ ಕಡೆ ಬಹಳ ಹೊತ್ತು ನಗೆ ಕೇಳಿಸಿತು. "ಇರ್ಲಿ ಬಿಡ್ರಿ. ಶುಕ್ರವಾರ ಬರತೇನಿ. ನಾನ ನಿಂತು ನೀರ ಬಿಡತೇನಿ."

ಅರ್ಥ ಸ್ಪಷ್ಟವಾಗಿತ್ತು. ಗುರುವಾರ ಗಂಗವ್ವ ಬೀಳಬೇಕು, ಶುಕ್ರವಾರ ಕೈಗುಣ ಪ್ರಕಟವಾಗಬೇಕು.

ವಿಷಯ ಕೇಳಿ ಗಂಗವ್ವ ಸೆರಗು ಬಿಗಿದರು. "ಎಮ್ಮಿ ಎಷ್ಟ ಹಾಲ ಕೊಡತೈತಿ ಅಂತ ಬೆಂಗಳೂರಿಗೆ ಫೋನ್ ಹಚ್ಚಿ ಕೇಳತಾರೇನ್ರಿ ಸಾಹೇಬ್ರ? ಹಿಂಡಿ ನೋಡತಾರ."

ಗುರುವಾರ ಬೆಳಗಾಗುವ ಮೊದಲೇ ಪೇಟಿ ಓಣಿಯಿಂದ ದಿನ್ನಿ ಓಣಿಯವರೆಗೆ ಕೂಗಳತೆಗೆ ಒಬ್ಬಳಂತೆ ಹೆಂಗಸರನ್ನು ನಿಲ್ಲಿಸಿದರು. ದಾವಲಸಾಬ ಪೇಟಿ ಓಣಿಯ ವಾಲ್ವನ್ನು ಒಂದೊಂದೇ ಸುತ್ತು ಮುಚ್ಚುತ್ತ ಬಂದ. ಪ್ರತಿ ಸುತ್ತಿಗೂ "ಬಂತೇನ?" ಎಂಬ ಪ್ರಶ್ನೆ ಬಾಯಿಂದ ಬಾಯಿಗೆ ದಿಬ್ಬ ಹತ್ತುತ್ತಿತ್ತು, "ಇಲ್ಲವ್ವಾ, ಬುಸ್ ಅಂತೈತಿ!" ಎಂಬ ಉತ್ತರ ಇಳಿಯುತ್ತಿತ್ತು. ಮೂರೇ ಸುತ್ತು ಉಳಿದಾಗ ಮೇಲಿನಿಂದ ಕೂಗು ಉರುಳಿ ಬಂತು: "ಬಂತು! ಬಂತವ್ವಾ!"

ಉಳಿದ ವಾಲ್ವ್‌ಗಳನ್ನೂ ಹೀಗೆಯೇ ಕೂಗಿ ಕೂಗಿ ಹೊಂದಿಸಿದೆವು. ಎಲ್ಲವನ್ನೂ ಹೊಸ ರಜಿಸ್ಟರಿನಲ್ಲಿ ಬರೆದೆ. ಗಂಗವ್ವ ಸಹಿ ಹಾಕಿದರು.

"ಬರೋಬ್ಬರಿ ಐತ್ರಿ ಅವ್ವಾರ," ಎಂದ ದಾವಲಸಾಬ. "ಸಾವಕಾರ್ರೂ ಪೇಟಿ ಓಣಿಗೆ ಮೂರ ಬಿಡತಿದ್ರು."

"ಗೊತ್ತಿದ್ದೂ ಸುಮ್ನ ನಿಂತಿದ್ದೇನೋ ದಾವಲಾ?"

"ಬಾಯಿ ಬಿಡೂದಿಲ್ಲಂತ ಆಣಿ ಮಾಡಿಸಿದ್ರು ನೋಡ್ರಿ. ಈಗ ನೀವ ಹುಡಕೀರಿ. ನಾ ಹೇಳಿಲ್ಲ."

ಮರುದಿನ ಶಾಸಕರು ಪೇಟಿ ಓಣಿಯ ಹತ್ತಾರು ಅಭಿಮಾನಿಗಳೊಂದಿಗೆ ಕಚೇರಿಗೆ ಬಂದರು. ಗಂಗವ್ವ, ದಾವಲಸಾಬ ಇಬ್ಬರೂ ಅಲ್ಲೇ ಇದ್ದರು. ದಿನ್ನಿ ಓಣಿಗೆ ನೀರು ಬಂದ ಸುದ್ದಿ ಅವರಿಗೆ ಹಿಡಿಸಲಿಲ್ಲ. "ಅಂದಾಜಿನ ಮ್ಯಾಲೆ ಬಿಟ್ಟಿರತೀರಿ. ಏನ ಬರದೀರಿ, ತೋರಸ್ರಿ" ಎಂದರು. ರಜಿಸ್ಟರ್ ಬಿಚ್ಚಿಟ್ಟೆ. ಅವರ ಹೆಗಲ ಮೇಲಿಂದ ಇಣುಕಿದ ಕಿರಾಣಿ ಅಂಗಡಿಯ ಬಸಣ್ಣ ಗಟ್ಟಿಯಾಗಿ ಓದಿದ.

"ದಿನ್ನಿ ಓಣಿ ಹದಿನಾಕು. ಪೇಟಿ ಓಣಿ ಮೂರು... ಮೂರ? ಗಂಗವ್ವಾರ, ನಮ್ಮ ಓಣಿ ಮ್ಯಾಲೆ ಏನ್ ಸಿಟ್ರಿ ನಿಮಗ?"

"ನಂದಲ್ಲಪಾ ಸಿಟ್ಟು. ನಿಮ್ಮ ಸಾವಕಾರ್ರು ಐದ ವರ್ಷ ಬಿಟ್ಟಿದ್ದು ಅಷ್ಟ."

ಎಲ್ಲರೂ ದಾವಲಸಾಬನತ್ತ ತಿರುಗಿದರು. ಅವನು ಆಣೆಗೆ ಬದ್ಧನಾಗಿ ಫ್ಯಾನು ನೋಡತೊಡಗಿದ. ಅಷ್ಟೇ ಸಾಕಾಯಿತು.

"ಅಣ್ಣಾ," ಎಂದ ಬಸಣ್ಣ, "ಜೈ ಅಂತ ಒದರಿ ಒದರಿ ಗಂಟಲ ಹರಕೊಂಡಾವ್ರು ನಾವು. ದಿನ್ನಿ ಓಣ್ಯಾವ್ರು ನಿನಗ ಒಂದ್ ಸಲಾ ಕೈ ಮುಗದಿಲ್ಲ. ಅವ್ರಿಗೆ ಹದಿನಾಕು, ನಮಗ ಮೂರ?"

ಶಾಸಕರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ತಗ್ಗು-ದಿಬ್ಬದ ಲೆಕ್ಕ ಬಿಚ್ಚಿದರೆ ಕೈಗುಣ ಉಳಿಯುತ್ತಿರಲಿಲ್ಲ. ಸದನದಲ್ಲಿಯೂ ಅವರು ಅಷ್ಟು ಗಂಭೀರವಾಗಿ ಮಾತಾಡಿರಲಿಕ್ಕಿಲ್ಲ.

"ಬಸಣ್ಣಾ, ಅವ್ರ ಮ್ಯಾಲೆ ನನಗ ನಂಬಿಕಿ ಇರಲಿಲ್ಲ. ನಿಮ್ಮ ಮ್ಯಾಲೆ ಇತ್ತು."

ಗಂಗವ್ವನ ಕುರ್ಚಿ ಉಳಿಯಿತು. ಪೇಟಿ ಓಣಿಯವರು ಆ ನಂಬಿಕೆಯನ್ನು ಅರಗಿಸಿಕೊಳ್ಳಲು ಬಹಳ ದಿನ ತೆಗೆದುಕೊಂಡರು. ನಾನು ಮುಂದೆ ಯಾವ ಊರಿಗೆ ವರ್ಗವಾಗಿ ಹೋದರೂ ಚಾರ್ಜ್ ತೆಗೆದುಕೊಳ್ಳುವಾಗ ಮೊದಲು ಕೇಳುತ್ತಿದ್ದುದು ವಾಲ್ವ್ ರಜಿಸ್ಟರನ್ನೇ. ನಿವೃತ್ತನಾದ ಮೇಲೂ ಒಂದು ಪಾಠ ಉಳಿದಿದೆ: ದೊಡ್ಡವರು ಯಾರಾದರೂ ಹೆಗಲ ಮೇಲೆ ಕೈಯಿಟ್ಟು "ನೀವು ನಮ್ಮವರು" ಎಂದರೆ, ನಾನು ಮನೆಗೆ ಹೋಗಿ ಮೊದಲು ಕೊಡಗಳನ್ನೆಲ್ಲ ತುಂಬಿಸಿಡುತ್ತೇನೆ.