‘ಕುಡ್ ಯೂ’ ಎಂಬ ಮೆತ್ತನೆಯ ಹುಕುಂ

ನನ್ನ ನಾದಿನಿಯ ಬಲಗೈಯ ಮೂರು ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಅದಕ್ಕೆ ಕಾರಣನಾದವನು ಅವಳ ಮೇಲೆ ಒಂದು ದಿನವೂ ದನಿ ಎತ್ತಿದವನಲ್ಲ. ಎತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾವಿಬ್ಬರೂ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದೆವು. ಜಾಗ ನೆಲಮಾಳಿಗೆ. ಕಿಟಕಿ ಇಲ್ಲ, ಹಬೆ ಉಂಟು. ವಯಸ್ಸಾದವಳೆಂದು ನನ್ನನ್ನು ಬಟ್ಟೆ ಮಡಚುವ ಮೇಜಿಗೆ ಹಾಕಿದ್ದರು, ಅವಳನ್ನು ರೋಲರಿಗೆ. ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ಅಂಚು ನೇರ ಮಾಡಿ, ಕಾದ ರೋಲರಿನ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಅದು ಇಸ್ತ್ರಿಯಾಗಿ ಹೊರಬರುತ್ತದೆ. ರೋಲರಿನ ಮುಂದೆ ಒಂದು ಅಡ್ಡಪಟ್ಟಿ ಇದೆ. ಬೆರಳು ಅದಕ್ಕೆ ತಗುಲಿದ ಕೂಡಲೇ ಯಂತ್ರ ಗಕ್ಕನೆ ನಿಲ್ಲಬೇಕು. ಆ ಪಟ್ಟಿಯ ನೆನಪು ಇರಲಿ.

ನಾದಿನಿ ಗಂಡ ಬಿಟ್ಟವಳು. ಅಣ್ಣನ ಮನೆಗೆಂದು ಬಂದಳು. ಅವಳಣ್ಣ, ಅಂದರೆ ನನ್ನ ಯಜಮಾನರು, ತೀರಿಕೊಂಡ ಮೇಲೂ ನನ್ನ ಜೊತೆಗೇ ಉಳಿದಳು. ಅತ್ತಿಗೆ ನಾದಿನಿ ಒಂದೇ ಒಲೆಯಲ್ಲಿ ಎಷ್ಟು ದಿನ ಬೇಯಿಸಿಕೊಂಡು ತಿಂದಾರು ಎಂದು ನೆರೆಯವರು ಆಡಿಕೊಂಡರು. ಜಗಳವಾಡುತ್ತಲೇ ಬೇಯಿಸಿಕೊಂಡು ತಿಂದೆವು. ಅವಳ ಬಾಯಿ ದೊಡ್ಡದು. ತರಕಾರಿಯವನ ತಕ್ಕಡಿ ಚೂರು ಆಚೀಚೆ ಆದರೂ ಬೀದಿ ಕೂಡಿಸುತ್ತಿದ್ದಳು. ಅಂಥವಳು ಹೋಟೆಲಿನ ಒಳಗೆ ಕಾಲಿಟ್ಟರೆ ಬಾಯಿಗೆ ಬೀಗ.

ಕಾರಣ ನಮ್ಮ ಮೇಲ್ವಿಚಾರಕ. ಅವನಿಗೆ ನಾವಿಟ್ಟ ಹೆಸರು ಬೆಣ್ಣೆ. ನಮ್ಮ ಭಾಷೆ ಅವನಿಗೆ ಚೆನ್ನಾಗಿಯೇ ಬರುತ್ತದೆ, ಹೊರಗೆ ಚಹಾದ ಅಂಗಡಿಯಲ್ಲಿ ಆಡುತ್ತಾನೆ. ಹೋಟೆಲಿನೊಳಗೆ ಮಾತ್ರ ಇಂಗ್ಲಿಷ್. ಅದೂ ಎಂಥ ಇಂಗ್ಲಿಷ್! ಮಾಡು ಅನ್ನುವುದಿಲ್ಲ, ಮಾಡಲೇಬೇಕು ಅನ್ನುವುದಿಲ್ಲ. “ಕುಡ್ ಯೂ ಪ್ಲೀಸ್”, ದಯವಿಟ್ಟು ಮಾಡಲಾದೀತೇ, ಅನ್ನುತ್ತಾನೆ. ಇನ್ನೂ ಮೆತ್ತಗೆ ಬೇಕಾದರೆ “ಯೂ ಮೈಟ್ ವಾಂಟ್ ಟು” ಅನ್ನುತ್ತಾನೆ. ಅಂದರೆ, ನಿಮಗೇ ಹಾಗನ್ನಿಸಬಹುದು ಎಂದು. ಪಾಳಿ ಮುಗಿದ ಮೇಲೂ ನಿಂತು ದುಡಿಯಬೇಕು ಅಂತ ಯಾರಿಗೆ ಅನ್ನಿಸುತ್ತದೆ?

ಒಮ್ಮೆ ಒಬ್ಬ ಹೆಂಗಸು, ಮಗುವಿಗೆ ಜ್ವರ, ಇವತ್ತು ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ ಎಂದಳು. ಬೆಣ್ಣೆ ನಕ್ಕು “ಆಫ್ ಕೋರ್ಸ್” ಎಂದ. ಮುಂದಿನ ವಾರದ ಪಾಳಿಗೆ ಅವಳನ್ನು ಕರೆಯಲೇ ಇಲ್ಲ. ಆಮೇಲೆ ಆ ‘ಕುಡ್ ಯೂ’ವಿನ ಅರ್ಥ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆದರೂ ಹೇಳಿಕೊಡಲು ಜನ ಬಂದರು. ಕೆಲಸದವರಿಗೆ ಇಂಗ್ಲಿಷ್ ಪಾಠ ಎಂದು ಹೋಟೆಲಿನವರೇ ಒಬ್ಬ ಹುಡುಗಿಯನ್ನು ಗೊತ್ತುಮಾಡಿದರು. ಊಟದ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿ ‘ಮೇ ಐ’, ‘ವುಡ್ ಯೂ ಮೈಂಡ್’ ಎಂದು ಕೂಗಿಸಿದಳು. ನಾದಿನಿಗೆ ಖುಷಿಯೋ ಖುಷಿ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುತ್ತಿದ್ದಳು.

“ವುಡ್ ಯೂ ಮೈಂಡ್, ಅತ್ತಿಗೆ! ಬೇಗ ಬರ್ತೀರಾ?”

“ಬರಲ್ಲ ಹೋಗೇ!”

“ಹಂಗೆಲ್ಲ ಅನ್ನಂಗಿಲ್ಲ, ಪ್ಲೀಸ್ ಸೇರಿಸಿ ಬೈಬೇಕು!”

ಒಂದು ದಿನ ಅವಳು ಪಾಠದ ಹುಡುಗಿಯನ್ನು ಕೇಳಿದಳು: “ಕೇಳೋದೆಲ್ಲ ಕಲಿಸಿದ್ರಿ ಮೇಡಂ. ಆಗಲ್ಲ ಅನ್ನೋದು ಹೆಂಗೆ?”

ಹುಡುಗಿ ಪಾಠದ ಹಾಳೆ ತಿರುವಿ ನೋಡಿ, “ಅದು ಈ ಪಾಠದಲ್ಲಿ ಇಲ್ಲಮ್ಮ” ಎಂದಳು. ಪಾಪ, ಅವಳದೂ ಹೊಟ್ಟೆಪಾಡು. ಪಾಠ ಬರೆಸಿದವರಿಗೆ ಮಾತ್ರ ನಾನು ಪಾಪ ಅನ್ನಲಾರೆ. ನಮಗೆ ಎಷ್ಟು ಮಾತು ಬರಬೇಕು, ಎಷ್ಟು ಬರಬಾರದು ಎಂದು ಅಳೆದೇ ಕೊಟ್ಟಿದ್ದರು.

ರೋಲರಿನ ಅಡ್ಡಪಟ್ಟಿ ಕೆಟ್ಟಿತು. ತಗುಲಿದರೂ ಯಂತ್ರ ತಿರುಗುತ್ತಲೇ ಇತ್ತು. ನಾದಿನಿ ಬೆಣ್ಣೆಯನ್ನು ಕರೆತಂದು ಪೊರಕೆಯ ಹಿಡಿಯಿಂದ ಪಟ್ಟಿ ತಟ್ಟಿ ತೋರಿಸಿದಳು. “ಯೂ ಶುಡ್ ಬಿ ಕೇರ್‌ಫುಲ್” ಎಂದು ಹೇಳಿ ಹೋದ. ಜಾಗ್ರತೆಯಾಗಿ ಇರಬೇಕಾದವಳು ಅವಳಂತೆ! ಮಾರನೆಯ ದಿನ ಮೇಲಿನ ಕೋಣೆಗಳೆಲ್ಲ ಭರ್ತಿ, ಒದ್ದೆ ಬಟ್ಟೆ ಗಾಡಿಗಟ್ಟಲೆ ಬಂದು ನಿಂತಿತು. ಅವಳು ರೋಲರ್ ಹಾಕದೆ ನಿಂತಿದ್ದಳು. ಬೆಣ್ಣೆ ಬಂದು ತಲೆ ಓರೆ ಮಾಡಿ, “ಕುಡ್ ಯೂ ರನ್ ಇಟ್? ಜಸ್ಟ್ ಟುಡೇ?” ಎಂದ. ಅವಳು ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳಿಗೆ ಆ ಜ್ವರದ ಮಗುವಿನ ತಾಯಿಯ ನೆನಪಾಗಿರಬೇಕು. ಸ್ವಿಚ್ ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಬೆಡ್‌ಶೀಟಿನ ಒಂದು ಮೂಲೆ ಸುತ್ತಿಕೊಂಡು ಬೆರಳುಗಳನ್ನು ಎಳೆದುಕೊಂಡಿತು. ಅವಳ ಕೂಗಿಗೆ ನಾನು ಓಡಿ ಸ್ವಿಚ್ ಆರಿಸಿದೆ. ಸುಟ್ಟ ಚರ್ಮದ ವಾಸನೆಯ ಬಗ್ಗೆ ಬರೆಯುವುದಿಲ್ಲ.

ಕೈಗೆ ಬ್ಯಾಂಡೇಜು ಸುತ್ತಿರುವಾಗಲೇ ದೊಡ್ಡ ಮ್ಯಾನೇಜರ್ ವಿಚಾರಣೆಗೆ ಕರೆಸಿದರು. ತಪ್ಪು ಅವಳದೆಂದಾದರೆ ಕೆಲಸ ಹೋಗುತ್ತಿತ್ತು. ಸುಟ್ಟ ಕೈ ಹಿಡಿದು ಬಂದವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಕಣ್ಣಾರೆ ಕಂಡವಳೆಂದು ನಾನೂ ಹೋದೆ. ನಮಗೂ ಕುರ್ಚಿ ಹಾಕಿದ್ದರು, ದೊಡ್ಡ ಮರ್ಯಾದೆ!

ಬೆಣ್ಣೆ ಆ ದಿನ ನಮ್ಮ ಭಾಷೆಯಲ್ಲೇ ಶುರುಮಾಡಿದ. “ನಾನು ಬಲವಂತ ಮಾಡಿಲ್ಲ ಸಾರ್. ‘ಮಸ್ಟ್’ ಅನ್ನೋ ಮಾತೇ ಆಡಿಲ್ಲ. ಕುಡ್ ಯೂ ಅಂತ ಕೇಳಿದೆ ಅಷ್ಟೆ. ಆಗಲ್ಲ ಅನ್ನಬಹುದಿತ್ತು. ಇವರೇ ಒಪ್ಪಿಕೊಂಡ್ರು.”

ಹೇಗೆ ಗೂಬೆ ಕೂರಿಸಿದ ನೋಡಿ! ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಬೆಣ್ಣೆಯ ಕಡೆ ತಿರುಗಿದಳು. ಅವನಂತೆಯೇ ತಲೆ ಓರೆ ಮಾಡಿ, ಅವನಷ್ಟೇ ಮೆತ್ತಗೆ ಹೇಳಿದಳು.

“ಸಾರ್, ಕುಡ್ ಯೂ ಪ್ಲೀಸ್... ಕೆಳಗೆ ಬಂದು ಆ ಪಟ್ಟಿ ಕೆಟ್ಟಿರೋ ರೋಲರಿಗೆ ಒಂದೇ ಒಂದು ಬೆಡ್‌ಶೀಟ್ ಹಾಕ್ತೀರಾ? ಜಸ್ಟ್ ಟುಡೇ.”

ಬೆಣ್ಣೆ ನಕ್ಕ. “ಏನಮ್ಮಾ, ತಮಾಷೆನಾ? ನಾನ್ಯಾಕೆ ಹಾಕಲಿ?”

“ನೋಡಿ ದೊಡ್ಡ ಸಾರ್, ಆಗಲ್ಲ ಅನ್ನೋದು ಇವರಿಗೆ ಎಷ್ಟು ಸಲೀಸು! ಕೇಳಿದೋಳು ನಾನಲ್ವಾ, ಅದಕ್ಕೆ. ಇವರು ಕೇಳಿದಾಗ ಹಂಗನ್ನೋಕೆ ನನಗೇನು ಹೊಟ್ಟೆ ಇಲ್ವಾ? ಆಗಲ್ಲ ಅಂದೋಳ್ನ ಏನು ಮಾಡಿದ್ರು ಅಂತ ಕೆಳಗೆ ಯಾರನ್ನಾದ್ರೂ ಕೇಳಿ.”

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ಇಂಥದ್ದು ಯಂತ್ರದ ಕೆಲಸದಲ್ಲಿ ಆಗಬಹುದು, ಮುಂದೆ ಎಲ್ಲರೂ ಎಚ್ಚರವಾಗಿರಬೇಕು ಎಂದರು. ಕೊನೆಗೆ ಇಂಗ್ಲಿಷಿನಲ್ಲಿ, “ಯೂ ಮೇ ಗೋ.”

ಹೋಗಬಹುದಂತೆ. ನಾನು ಎದ್ದೆ. ಅವಳು ಏಳಲಿಲ್ಲ.

“ಆಗಬಹುದು ಅಲ್ಲ ಸಾರ್, ಆಗಿದೆ. ನನ್ನ ಕೈಗೆ ಆಗಿದೆ. ತಪ್ಪು ನನ್ನದಲ್ಲ ಅಂತ ಹೇಳಿ, ಹೋಗ್ತೀನಿ.”

ಅವರು ಗಡಿಯಾರ ನೋಡಿದರು. ಅವಳು ಬ್ಯಾಂಡೇಜು ಸುತ್ತಿದ ಕೈಯನ್ನು ಆ ನುಣುಪಾದ ಮೇಜಿನ ಮೇಲೆ ಇಟ್ಟುಕೊಂಡು ಕೂತೇ ಇದ್ದಳು. ನಾನೂ ಮತ್ತೆ ಕೂತೆ.

“ಆಯ್ತಮ್ಮ, ನಿಮ್ಮ ತಪ್ಪಲ್ಲ” ಎಂದರು ಮ್ಯಾನೇಜರ್, ನಮ್ಮ ಭಾಷೆಯಲ್ಲಿ.

“ಮತ್ತೆ ಯಾರದು?”

“ನಮ್ಮದು ಅಂದುಕೊಳ್ಳಿ.”

“ಅಂದುಕೊಳ್ಳೋದೇನು ಬಂತು? ಆ ‘ನಮ್ಮದು’ ಅನ್ನೋದ್ರಲ್ಲಿ ನಾನೂ ಸೇರಿದೀನಾ?”

ಅವರ ಮುಖ ಕೆಂಪಾಯಿತು. ಬೆಣ್ಣೆಯ ಕಡೆ ಬೆರಳು ತೋರಿಸಿ, “ಇವರು ಯಂತ್ರ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಸಾಕಾ? ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ. ಪಟ್ಟಿ ಸರಿಹೋಗೋವರೆಗೆ ರೋಲರ್ ಹಾಕೋದು ಬೇಡ” ಎಂದರು.

“ಸಾಕು ಅಂತ ನಾನು ಹೇಳಿಲ್ಲ” ಎನ್ನುತ್ತ ಅವಳು ಎದ್ದಳು.

ನಾವು ಹೊಸ್ತಿಲು ದಾಟಿದೆವು. ಹಿಂದಿನಿಂದ ಬೆಣ್ಣೆಯ ದನಿ ಬಂತು, ಅದೇ ಮೆತ್ತನೆಯ ದನಿ: “ಕುಡ್ ಯೂ ಕ್ಲೋಸ್ ದ ಡೋರ್, ಪ್ಲೀಸ್?”

“ಆಗಲ್ಲ” ಎಂದಳು ನಾದಿನಿ, ತಿರುಗಿಯೂ ನೋಡದೆ. ಬಾಗಿಲು ಹಾಗೇ ಹಾರು ಹೊಡೆದಿತ್ತು. ನಾವು ಮೆಟ್ಟಿಲಿಳಿದೆವು.